ಗುಡ್ಡಕ್ಕೆ ಕುಡಿಸಿದರೆ ಮನೆಗೆ ನೀರು

ನಳ್ಳಿಯಲ್ಲಿ ನೀರು ಬರುವ ದಿನ ನೋಡಿ ಬಟ್ಟೆ ನೆನೆಹಾಕುವ ಕಷ್ಟ ನಮ್ಮ ಮಂಗಳೂರಿನ ಹೆಂಗಸರಿಗೆ ಹೊಸತಲ್ಲ. 2016ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತೀರಾ ಇಳಿಯಿತು. ಕೊಡ, ಬಾಲ್ದಿ, ಕೊನೆಗೆ ದೋಸೆಹಿಟ್ಟಿನ ಪಾತ್ರೆಯಲ್ಲೂ ನೀರು ಹಿಡಿದಿಟ್ಟೆವು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಈ ಅವಸ್ಥೆ!

ಆಗೆಲ್ಲ ನನಗೆ ತವರುಮನೆಯ ಸುರಂಗ ನೆನಪಾಗುತ್ತಿತ್ತು. ವಿಟ್ಲದ ಕಡೆ ಗುಡ್ಡದ ಬುಡದಲ್ಲಿ ನಮ್ಮ ಮನೆ. ಹಿತ್ತಲಿನ ಸುರಂಗದಿಂದ ಅಡಿಕೆ ಮರದ ದಂಬೆಯಲ್ಲಿ ನೀರು ಬಚ್ಚಲಿನವರೆಗೂ ತಾನಾಗಿ ಹರಿದು ಬರುತ್ತಿತ್ತು. ಹಗ್ಗ ಬೇಡ, ರಾಟೆ ಬೇಡ, ಕರೆಂಟೂ ಬೇಡ.

ಸುರಂಗ ಎಂದರೆ ಅಡ್ಡಕ್ಕೆ ಮಲಗಿಸಿದ ಬಾವಿ ಎನ್ನಿ. ಒಬ್ಬ ಮನುಷ್ಯ ಒಳಗೆ ಹೋಗುವಷ್ಟೇ ಜಾಗ. ಮಳೆನೀರು ಮುರಕಲ್ಲಿನ ಮೂಲಕ ಮೆಲ್ಲನೆ ಇಳಿದು ಗುಡ್ಡದ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದು ಒಸರುವ ಜಾಗ ಸಿಗುವವರೆಗೆ ಕೊರೆಯುತ್ತಾ ಹೋಗಬೇಕು. ನಮ್ಮ ಬೀದರಿನ ಕರೇಜ್, ಪರ್ಷಿಯಾದ ಕನಾತ್ ಕೂಡ ಇದೇ ಜಾತಿಯವು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಹಗಲಿಡೀ ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಸುರಂಗ ಅಗೆದರು. ಮೊದಮೊದಲು ಅಗೆದವುಗಳಲ್ಲಿ ನೀರು ಸಿಗಲಿಲ್ಲ. ಆದರೂ ಬಿಡದೆ ಬೋಳುಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ನಮ್ಮ ಮನೆಯಲ್ಲಿ ಮಾತ್ರ ಬೇರೆಯೇ ಆಯಿತು. ಅಣ್ಣ ಕೊಳವೆ ಬಾವಿ ಕೊರೆಸಿದ. ಸುರಂಗದ ಬಾಯಿಗೆ ಮಣ್ಣು ಬಿತ್ತು, ಯಾರೂ ತೆಗೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಕೊಳವೆ ಬಾವಿ ಬತ್ತಿತು. ಸುರಂಗ ಬಿಡಿಸಿ ನೋಡಿದರೆ ಬೆರಳು ಗಾತ್ರದ ಹನಿ ಮಾತ್ರ! ಮೇಲಿನ ಕಾಡು ಕಡಿದಿದ್ದರಿಂದ ಮಳೆನೀರು ನಿಲ್ಲದೆ ಓಡಿಹೋಗುತ್ತಿತ್ತು.

“ಗುಡ್ಡಕ್ಕೆ ಕುಡಿಸದೆ ನಮಗೆ ಕೊಡು ಅಂದ್ರೆ ಅದು ಎಲ್ಲಿಂದ ಕೊಡ್ಬೇಕು ಮಗಾ?” ಅಂದರು ಅಮ್ಮ.

ಅಣ್ಣ ತಲೆ ತಗ್ಗಿಸಿ ಕೇಳಿದ. ಆ ವರ್ಷವೇ ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿ ತೋಡಿಸಿದ, ಹಳೆಯ ಮದಕದ ಹೂಳು ತೆಗೆಸಿದ. ಮದಕವೆಂದರೆ ಗುಡ್ಡದ ತಗ್ಗಿನಲ್ಲಿ ಮಳೆನೀರು ನಿಲ್ಲಿಸುವ ಕೆರೆ. ಈಗ ಸುರಂಗ ಏಪ್ರಿಲ್‌ವರೆಗೆ ಹರಿಯುತ್ತದೆ. ಹಿಂದಿನ ಹಾಗೆ ಮೇ ಕೊನೆಯವರೆಗೆ ಇಲ್ಲ. ಕಳಕೊಂಡದ್ದು ಅಷ್ಟು ಸುಲಭದಲ್ಲಿ ಬರುವುದಿಲ್ಲ.

ಈಗ ಮಳೆಯ ರೀತಿಯೇ ಬದಲಾಗಿದೆ. ಬಂದರೆ ಒಮ್ಮೆಲೇ ಸುರಿಯುತ್ತದೆ, ಇಲ್ಲವಾದರೆ ವಾರಗಟ್ಟಲೆ ಬಿಸಿಲು. ಹಾಗಾಗಿ ಓಡುವ ನೀರನ್ನು ನಡೆಸಿ, ನಡೆಯುವುದನ್ನು ನಿಲ್ಲಿಸಿ, ನಿಂತದ್ದನ್ನು ಇಂಗಿಸಿದ ಹಿರಿಯರ ಬುದ್ಧಿ ಹಿಂದಿಗಿಂತ ಇಂದಿಗೇ ಹೆಚ್ಚು ಬೇಕು.

ಪೇಟೆಯಲ್ಲಿರುವ ನಮಗೆ ಗುಡ್ಡ ಎಲ್ಲುಂಟು ಎನ್ನುತ್ತೀರಾ? ಮಾಡು ಉಂಟಲ್ಲ! 1,000 ಚದರಡಿಯ ತಾರಸಿಗೆ ವರ್ಷಕ್ಕೆ 3 ಲಕ್ಷ ಲೀಟರಿಗೂ ಮಿಕ್ಕಿ ಮಳೆನೀರು ಬೀಳುತ್ತದೆ. ನಮ್ಮದು ಅಷ್ಟೂ ಚರಂಡಿಗೆ ಹೋಗುತ್ತಿತ್ತು. ನಮ್ಮವರಿಗೆ ಒಂದು ಮಳೆಗಾಲವಿಡೀ ಹೇಳಿ ಹೇಳಿ ಬಾವಿಗೆ ಪೈಪು ಹಾಕಿಸಿದೆ. ನಡುವೆ ಒಂದು ಡ್ರಮ್ಮು. ಅದರಲ್ಲಿ ಕೆಳಗೆ ಜಲ್ಲಿ, ನಡುವೆ ಇದ್ದಿಲು, ಮೇಲೆ ಮರಳು. ಮೇ ತಿಂಗಳಲ್ಲಿ ತಾರಸಿ ಗುಡಿಸಿ ತೊಳೆಯುತ್ತೇನೆ, ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡುತ್ತೇನೆ. ಕುಡಿಯುವ ನೀರನ್ನು ಕುದಿಸುವುದು ಮಾತ್ರ ತಪ್ಪಿಸುವುದಿಲ್ಲ.

2023ರಲ್ಲಿ ನಗರದಲ್ಲಿ ಮತ್ತೆ ನೀರಿನ ರೇಷನ್ ಬಂದಾಗ ನಮ್ಮ ಬಾವಿಯಲ್ಲಿ ನೀರಿತ್ತು. ಪಕ್ಕದ ಮನೆಯವರೂ ಕೊಡ ತಂದರು. ಕೊಡ ತುಂಬಿಸಿ ಕೊಡುವಾಗ ಆದ ಸಂತೋಷ ಹೇಳಿ ತೀರದು. ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮ ಮನೆಯ ಮಾಡಿನ ನೀರು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ನೋಡಿ, ಅಕ್ಕತಂಗಿಯರೇ.