ಗೂಬೆ ಮನೆ ಹುಡುಕುವ ಬಗೆ



ಹೊಲದ ಬದುವಿನಲ್ಲಿ ಹಳೆಯ ಮಾವಿನ ಮರವೊಂದಿದೆ. ಫಲ ಕಡಿಮೆಯಾಗಿದೆ, ಕಾಂಡ ಟೊಳ್ಳಾಗಿದೆ. ಸೌದೆಗಾದರೂ ಆದೀತೆಂದು ನೀವು ಕೊಡಲಿ ಎತ್ತುವಿರಿ. ಸ್ವಲ್ಪ ತಾಳಿ. ಆ ಪೊಟರೆಯಲ್ಲಿ ಕೂಲಿ ಕೇಳದ ಕಾವಲುಗಾರನೊಬ್ಬ ಸಂಸಾರ ಹೂಡಿರಬಹುದು. ಅವನೇ ಗೂಬೆ.

ಗೀಜಗನಂತೆ ಗೂಬೆಗೆ ಗೂಡು ಹೆಣೆಯಲು ಬಾರದು. ಮರಕುಟಿಗನಂತೆ ಮರ ಕೊರೆಯಲೂ ಬಾರದು. ಸಿದ್ಧವಾಗಿರುವ ಜಾಗವನ್ನೇ ಅದು ಹುಡುಕಬೇಕು. ಸಾಮಾನ್ಯವಾಗಿ ಅದಕ್ಕೆ ಬೇಕಾದುದು ಇಷ್ಟು: ಒಳಗೆ ಕತ್ತಲಿರಬೇಕು, ಮಳೆನೀರು ಇಳಿಯಬಾರದು, ಶತ್ರುಗಳ ಕಾಟವಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತಿರದಲ್ಲೇ ಆಹಾರ ಸಿಗಬೇಕು.

ಮೈಮೇಲೆ ಬಿಳಿ ಚುಕ್ಕೆಗಳಿರುವ ಸಣ್ಣ ಹಾಲಕ್ಕಿಯು ಹಳೆಯ ಮರಗಳ ಪೊಟರೆಯಲ್ಲೂ ಗೋಡೆಯ ಸಂದಿನಲ್ಲೂ ನೆಲೆಸುತ್ತದೆ. ಕೊಂಬೆ ಮುರಿದ ಗಾಯ ಕೊಳೆತು ಪೊಟರೆಯಾಗಲು ಎಷ್ಟೋ ವರ್ಷ ಬೇಕು. ಸಿಕ್ಕ ಪೊಟರೆಗೂ ಗಿಳಿ, ಗೊರವಂಕಗಳ ಪೈಪೋಟಿ ಇದ್ದೇ ಇದೆ. ಬಿಳಿ ಮುಖದ ಕಣಜದ ಗೂಬೆ ಪಾಳುಗುಡಿ, ಅಟ್ಟ, ಹಳೆಯ ಕಟ್ಟಡಗಳನ್ನು ಆರಿಸುತ್ತದೆ. ದೊಡ್ಡ ಕೊಂಬಿನ ಗೂಬೆಗೆ ಪೊಟರೆ ಬೇಡ. ಬಂಡೆಯ ಚಾಚಿನಲ್ಲೋ ಹಳ್ಳದ ಕಡಿದಾದ ದಂಡೆಯಲ್ಲೋ ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ.

ಕಣಜದ ಗೂಬೆಯಲ್ಲಿ ಗಂಡು ಇಲಿ ತಂದುಕೊಟ್ಟು ಹೆಣ್ಣನ್ನು ಒಲಿಸುತ್ತದೆ. ಹೆಣ್ಣು ಸುಮಾರು ಒಂದು ತಿಂಗಳು ಕಾವು ಕೂರುತ್ತದೆ. ಮರಿಗಳು ಹಾರಲು ಇನ್ನೂ ಎರಡು ತಿಂಗಳು. ಅಷ್ಟು ದಿನವೂ ರಾತ್ರಿಯೆಲ್ಲ ಇಲಿಬೇಟೆ ನಡೆದಿರುತ್ತದೆ. ಜಾಗ ಒಗ್ಗಿತೆಂದರೆ ಮರುವರ್ಷವೂ ಅಲ್ಲಿಗೇ ಬರುವುದುಂಟು.

ಗೂಬೆ ಹೊಕ್ಕ ಮನೆಗೆ ಕೇಡೆಂದು ಹೆದರುವವರುಂಟು. ಅದು ಬರುವುದು ಕೇಡು ಹೊತ್ತಲ್ಲ. ನಿಮ್ಮ ಕಾಳು ತಿನ್ನುವ ಇಲಿಯನ್ನು ಹುಡುಕಿಕೊಂಡು. ಬುಡಬುಡಿಕೆಯವನು ಹಾಲಕ್ಕಿ ಶುಭ ನುಡಿಯಿತೆಂದರೆ ನಾವು ಸಂತೋಷದಿಂದ ಕಾಳು ನೀಡುವುದಿಲ್ಲವೆ? ಆ ಹಾಲಕ್ಕಿಯೂ ಗೂಬೆಯೇ.

ಆದುದರಿಂದ ಮರ ಕಡಿಯುವ ಮುನ್ನ ಬುಡದಲ್ಲಿ ನೋಡಿ. ಬಿಳಿ ಹಿಕ್ಕೆಯೂ, ಕೂದಲು ಮೂಳೆ ಸೇರಿದ ಬೂದು ಉಂಡೆಗಳೂ ಬಿದ್ದಿದ್ದರೆ ಮೇಲೆ ಗೂಬೆಯಿದೆ ಎಂದು ತಿಳಿಯಿರಿ. ಆ ಉಂಡೆಗಳು ಅದು ಜೀರ್ಣವಾಗದೆ ಕಕ್ಕಿದ ಇಲಿಯ ಅವಶೇಷ. ಅಂಥ ಮರವನ್ನು ಉಳಿಸಿ. ಕಡಿಯಲೇಬೇಕಾದರೆ ಮರಿಗಳು ಹಾರಿಹೋಗುವ ತನಕವಾದರೂ ಕಾಯಿರಿ. ಇಲಿಪಾಷಾಣವನ್ನು ಕಂಡಕಂಡಲ್ಲಿ ಇಡಬೇಡಿ. ವಿಷ ತಿಂದ ಇಲಿಯನ್ನು ನುಂಗಿ ಗೂಬೆಯೂ ಸಾಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗೂಬೆಯನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ.

ನಿಮ್ಮಲ್ಲಿ ಹಳೆಯ ಮರವೇ ಇಲ್ಲವೆ? ಮಲೇಷ್ಯಾದ ತಾಳೆ ಎಣ್ಣೆ ತೋಟಗಳಲ್ಲಿ ಇಲಿಗಳ ಹಾವಳಿ ತಗ್ಗಿಸಲು ಎತ್ತರದ ಕಂಬಗಳ ಮೇಲೆ ಮರದ ಪೆಟ್ಟಿಗೆ ಇಟ್ಟು ಕಣಜದ ಗೂಬೆಗಳಿಗೆ ನೆಲೆ ಕೊಡುತ್ತಾರೆ. ನೀವೂ ಹೊಲದಂಚಿನಲ್ಲಿ ಹಾಗೆ ಮಾಡಿ ನೋಡಬಹುದು. ಪೆಟ್ಟಿಗೆ ಒಳಗೆ ಕತ್ತಲಾಗಿ, ನೀರು ಸೋರದಂತಿರಲಿ. ಗೂಬೆಗೆ ಒಂದು ಮನೆ ಉಳಿಸಿದರೆ ನಿಮ್ಮ ಕಣಜಕ್ಕೊಬ್ಬ ಕಾವಲುಗಾರ ಉಳಿದಂತೆ.