ತೆರೆಯ ಮೇಲಿನ ‘ಸೈಕೋ’, ಮನೆಯೊಳಗಿನ ರೋಗಿ

ಕಡೂರು: ಓದಿನಲ್ಲಿ ಚುರುಕಾಗಿದ್ದ ಹುಡುಗ ಇಪ್ಪತ್ತರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಕಾಲೇಜಿಗೆ ಹೋಗುವುದನ್ನು ನಿಲ್ಲಿಸುತ್ತಾನೆ. ಸ್ನಾನ ಬಿಡುತ್ತಾನೆ, ಊಟಕ್ಕೆ ಕರೆದರೆ ಬರುವುದಿಲ್ಲ, ಯಾರೂ ಇಲ್ಲದ ಕೋಣೆಯಲ್ಲಿ ಯಾರಿಗೋ ಉತ್ತರ ಕೊಡುತ್ತಾನೆ. ಮನೆಯವರು ಸೋಮಾರಿತನ ಎನ್ನುತ್ತಾರೆ, ಗಾಳಿ ಸೋಕಿದೆ ಎನ್ನುತ್ತಾರೆ, ತಾಯತ ಕಟ್ಟಿಸುತ್ತಾರೆ. ವೈದ್ಯರು ಸ್ಕಿಜೋಫ್ರೇನಿಯಾ ಎಂದಾಗ ಬೆಚ್ಚಿಬೀಳುತ್ತಾರೆ. ಏಕೆಂದರೆ ಆ ಹೆಸರನ್ನು ಅವರು ಕೇಳಿರುವುದು ಸಿನಿಮಾದಲ್ಲಿ. ಅಲ್ಲಿ ಅದು ಕೊಲೆಗಾರನ ಕಾಯಿಲೆ.

ಕಡೂರು, ತರೀಕೆರೆ, ಅಜ್ಜಂಪುರದಂತಹ ಊರುಗಳಲ್ಲಿ ಕನ್ನಡದ ಜತೆಗೆ ತಮಿಳು, ಹಿಂದಿ ಚಿತ್ರಗಳೂ ಮನೆಮನೆಯ ಟೀವಿಗೆ ಬರುತ್ತವೆ. 2001ರ ಒಂದೇ ವರ್ಷವನ್ನು ತೆಗೆದುಕೊಂಡರೂ ಸಾಕು. ಕಮಲ ಹಾಸನ್ ಅವರ ‘ಆಳವಂದಾನ್’ (ಹಿಂದಿಯಲ್ಲಿ ‘ಅಭಯ್’) ಚಿತ್ರದಲ್ಲಿ ಸ್ಕಿಜೋಫ್ರೇನಿಯಾ ರೋಗಿ ನಂದು ಆಸ್ಪತ್ರೆಯಿಂದ ಹೊರಬಿದ್ದು ತಮ್ಮನ ಹೆಂಡತಿಯನ್ನು ಕೊಲ್ಲಲು ಹೊರಡುತ್ತಾನೆ. ಸುದೀಪ್ ಅವರಿಗೆ ‘ಕಿಚ್ಚ’ ಎಂಬ ಹೆಸರು ತಂದುಕೊಟ್ಟ ‘ಹುಚ್ಚ’ ತೆರೆಗೆ ಬಂದದ್ದೂ ಅದೇ ವರ್ಷ. ಅಲ್ಲಿ ನಾಯಕ ಬುದ್ಧಿ ಕಳೆದುಕೊಳ್ಳುವುದು ತಲೆಗೆ ಬಿದ್ದ ಪೆಟ್ಟಿನಿಂದ. ಸ್ಕಿಜೋಫ್ರೇನಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಪ್ರೇಕ್ಷಕರ ಮನಸ್ಸಿನಲ್ಲಿ ಎಲ್ಲವೂ ‘ಹುಚ್ಚು’ ಎಂಬ ಒಂದೇ ಪದದಡಿ ಸೇರಿಹೋಗುತ್ತವೆ.

ಅದೇ ವರ್ಷದ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ನಡೆದದ್ದು ಸಿನಿಮಾ ಅಲ್ಲ. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಮನೋರೋಗಿಗಳು ಬೆಂಕಿಗೆ ಆಹುತಿಯಾದರು. ರೋಗಿಯನ್ನು ಹಾಗೆ ಕಟ್ಟಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ.

ಎರಡು ಮನಸ್ಸಲ್ಲ

ಸಿನಿಮಾಗಳು ಮಾಡುವ ಇನ್ನೊಂದು ಗೊಂದಲ ಹೆಸರಿಗೇ ಸಂಬಂಧಿಸಿದ್ದು. 1908ರಲ್ಲಿ ಸ್ವಿಜರ್ಲೆಂಡಿನ ಮನೋವೈದ್ಯ ಯೂಗನ್ ಬ್ಲಾಯ್ಲರ್ ಗ್ರೀಕ್ ಮೂಲದ ‘ಸೀಳು’ ಮತ್ತು ‘ಮನಸ್ಸು’ ಎಂಬ ಪದಗಳನ್ನು ಕೂಡಿಸಿ ಈ ಹೆಸರಿಟ್ಟರು. ಆಲೋಚನೆ, ಭಾವನೆ, ನಡವಳಿಕೆಗಳ ನಡುವಿನ ಹೊಂದಾಣಿಕೆ ತಪ್ಪುತ್ತದೆ ಎಂಬುದು ಅವರ ಅರ್ಥ. ಕನ್ನಡದ ‘ಛಿದ್ರಮನಸ್ಕತೆ’ಯೂ ಅದರ ನೇರ ಅನುವಾದವೇ. ಜನ ಮಾತ್ರ ಒಬ್ಬನೊಳಗೆ ಇಬ್ಬರು ಎಂದುಕೊಂಡರು. ‘ಆಪ್ತಮಿತ್ರ’ದಲ್ಲಿ (2004) ಸೌಂದರ್ಯ ನಟಿಸಿದ ಗಂಗಾ ನಾಗವಲ್ಲಿಯಾಗುವುದು, ‘ಅನ್ನಿಯನ್’ನಲ್ಲಿ (2005) ಮೆತ್ತಗಿನ ವಕೀಲ ರಾತ್ರಿ ದಂಡಾಧಿಕಾರಿಯಾಗುವುದು ಬೇರೆಯೇ ಆದ, ತೀರಾ ವಿರಳವಾದ ತೊಂದರೆಯ ಸಿನಿಮೀಯ ರೂಪಗಳು. ಅವು ಸ್ಕಿಜೋಫ್ರೇನಿಯಾ ಅಲ್ಲವೇ ಅಲ್ಲ.

ಸ್ಕಿಜೋಫ್ರೇನಿಯಾದ ನಿಜವಾದ ಲಕ್ಷಣಗಳು ಕ್ಯಾಮೆರಾಗೆ ಒಗ್ಗುವಂಥವಲ್ಲ. ಇಲ್ಲದ ಧ್ವನಿಗಳು ಕೇಳುವುದು, ತನ್ನ ವಿರುದ್ಧ ಪಿತೂರಿ ನಡೆದಿದೆ ಎಂಬ ಅಚಲ ನಂಬಿಕೆ, ಮಾತಿನ ಎಳೆ ತಪ್ಪುವುದು ಒಂದು ಬಗೆ. ಉತ್ಸಾಹ ಬತ್ತುವುದು, ಮಾತು ಕಡಿಮೆಯಾಗುವುದು, ಮೈಮೇಲಿನ ಗಮನ ಹೋಗುವುದು ಇನ್ನೊಂದು ಬಗೆ. ಬದುಕನ್ನು ಹೆಚ್ಚು ಹಾಳುಮಾಡುವುದು ಬಹಳ ಸಲ ಈ ಎರಡನೆಯದೇ. ಥ್ರಿಲ್ಲರ್‌ಗಳಿಗೆ ಇದು ಬೇಡ. ಸುಮ್ಮನೆ ಕೂತವನನ್ನು ಯಾರು ನೋಡುತ್ತಾರೆ?

ಹಾಲಿವುಡ್ಡಿನ ‘ಎ ಬ್ಯೂಟಿಫುಲ್ ಮೈಂಡ್’ (ಇದೂ 2001ರದ್ದೇ) ಗಣಿತಜ್ಞ ಜಾನ್ ನ್ಯಾಶ್ ಅವರನ್ನು ಗೌರವದಿಂದಲೇ ಚಿತ್ರಿಸಿತು. ಆದರೂ ಗೂಢಚಾರರ ಕಥೆಯ ರಂಗು ಬೇಕಾದ್ದರಿಂದ ಇಲ್ಲದ ಮನುಷ್ಯರನ್ನು ಅವರ ಕಣ್ಣೆದುರು ನಿಲ್ಲಿಸಿತು. ನಿಜದ ನ್ಯಾಶ್ ಅವರಿಗೆ ಕೇಳುತ್ತಿದ್ದುದು ಧ್ವನಿಗಳು.

ಹಿಂಸೆಯ ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ಚಿಕಿತ್ಸೆಯಿಲ್ಲದಿದ್ದಾಗ, ಅದರಲ್ಲೂ ಮದ್ಯ ಅಥವಾ ಮಾದಕವಸ್ತು ಸೇರಿಕೊಂಡಾಗ ಕೆಲವರಲ್ಲಿ ಅಪಾಯ ಹೆಚ್ಚುತ್ತದೆ. ಆದರೆ ಬಹುಪಾಲು ರೋಗಿಗಳು ಯಾರ ಮೇಲೂ ಕೈಮಾಡುವುದಿಲ್ಲ. ಹೊಡೆತ ತಿನ್ನುವವರು, ಮೋಸಹೋಗುವವರು, ಆತ್ಮಹತ್ಯೆಗೆ ಮುಂದಾಗುವವರು ಅವರೇ. ಕುಟುಂಬಗಳು ಹೆದರಬೇಕಾದುದು ಇದಕ್ಕೆ.

ತ್ರಿವೇಣಿ ಅವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆಗೆದ ‘ಶರಪಂಜರ’ ಥ್ರಿಲ್ಲರ್ ಅಲ್ಲ, ಅದರ ಕಾವೇರಿಯದು ಹೆರಿಗೆಯ ನಂತರದ ಕಾಯಿಲೆ. ಆದರೂ ಇಲ್ಲಿ ಅದರ ನೆನಪು ಬರಲೇಬೇಕು. ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಂಗಸನ್ನು ಮನೆ, ನೆರೆಹೊರೆ ಸಂಶಯದಿಂದ ನೋಡುವುದನ್ನು ಅಷ್ಟು ನೇರವಾಗಿ ತೋರಿಸಿದ ಕನ್ನಡ ಚಿತ್ರಗಳು ಹೆಚ್ಚಿಲ್ಲ.

ತಾಲೂಕಿನಲ್ಲೇ ಚಿಕಿತ್ಸೆ

ಹೆಸರಿಗೆ ಹೆದರಿ ಕಳೆಯುವ ತಿಂಗಳುಗಳು ದುಬಾರಿ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ ತಜ್ಞರು 2005ರಿಂದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಅವರ ಊರಿನಲ್ಲೇ ನೋಡುತ್ತಾ ಬಂದರು. ಔಷಧ ಪಡೆಯುತ್ತಿದ್ದವರ ದೈನಂದಿನ ಬದುಕು, ಪಡೆಯದವರಿಗಿಂತ ಉತ್ತಮವಾಗಿದ್ದುದು ಅಲ್ಲಿ ಕಂಡುಬಂತು. ಬೆಂಗಳೂರಿನ ಬಸ್ಸು ಹತ್ತದೆಯೂ ಇದು ಸಾಧ್ಯ ಎಂಬುದು ಮಲೆನಾಡಿಗೂ ಬಯಲುಸೀಮೆಗೂ ಸಲ್ಲುವ ಮಾತು.

ಮನೋವೈದ್ಯರೇ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡಬೇಕೆಂಬ ಉದ್ದೇಶದಿಂದ ರಾಜ್ಯ ಸರಕಾರ 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮ ಆರಂಭಿಸಿತು. ಕಡೂರು, ತರೀಕೆರೆ ಆಸ್ಪತ್ರೆಗಳಲ್ಲಿ ತಜ್ಞರು ಸಿಗುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಹಿಂದೆ ತರೀಕೆರೆ ತಾಲೂಕಿಗೇ ಸೇರಿದ್ದ ಅಜ್ಜಂಪುರದವರಿಗೂ ಇವೆರಡೂ ಹತ್ತಿರವೇ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ನುಂಗಲು ಒಪ್ಪದವರಿಗೆ ವಾರಗಟ್ಟಲೆ ಕೆಲಸ ಮಾಡುವ ಚುಚ್ಚುಮದ್ದುಗಳೂ ಇವೆ. ಸ್ವಲ್ಪ ಗುಣ ಕಂಡ ಕೂಡಲೇ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು.