ಫೋರ್ಟಿನ ಇಗರ್ಜಿ, ಪರ್ಮಿಟ್ ರೂಮು ಮತ್ತು ರಾತ್ರಿಶಾಲೆ

ಚರ್ಚ್‌ಗೇಟಿಗೆ ದಿನವೂ ಪಾಸು ಹಿಡಿದು ಬರುವ ನಮ್ಮ ಗುಮಾಸ್ತ ಬಂಧುಗಳಲ್ಲಿ ಎಷ್ಟು ಮಂದಿ, ಆ ಚರ್ಚು ಯಾವುದು, ಆ ಗೇಟು ಎಲ್ಲಿ ಎಂದು ವಿಚಾರಿಸಿರುವರು? ಚರ್ಚು ಇರುವುದು ಹಾರ್ನಿಮನ್ ಸರ್ಕಲಿನ ಮಗ್ಗುಲಲ್ಲಿ. ಗೇಟು ಇದ್ದುದು ಈಗಿನ ಫ್ಲೋರಾ ಫೌಂಟನ್ನಿನ ಆಸುಪಾಸಿನಲ್ಲಿ. ಕಂಪೆನಿ ಸರಕಾರದ ಕೋಟೆಗೆ ಅಪೋಲೋ, ಚರ್ಚ್, ಬಜಾರ್ ಎಂಬ ಮೂರು ಬಾಗಿಲುಗಳಿದ್ದವು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರನ ಕಾಲಕ್ಕೆ ಕೋಟೆಗೋಡೆಗಳನ್ನು ಕೆಡವಲಾಯಿತು. ಕೋಟೆ ಹೋಯಿತು, ಫೋರ್ಟ್ ಎಂಬ ಹೆಸರು ಉಳಿಯಿತು.

ಆ ಚರ್ಚಿನ ಹೆಸರು ಸೇಂಟ್ ಥಾಮಸ್ ಕೆಥೆಡ್ರಲ್. ಗವರ್ನರ್ ಜೆರಾಲ್ಡ್ ಆಂಜಿಯರನು 1676ರಲ್ಲಿ ಇದಕ್ಕೆ ಬುನಾದಿ ಹಾಕಿಸಿದನು. ಅನಂತರ ಸುಮಾರು ನಾಲ್ಕು ದಶಕಗಳ ಕಾಲ ಕಟ್ಟಡವು ಅರ್ಧಕ್ಕೇ ನಿಂತುಬಿಟ್ಟಿತು. ರಿಚರ್ಡ್ ಕಾಬ್ ಎಂಬ ಪಾದ್ರಿಯು ಬಂದು, ಪಟ್ಟು ಹಿಡಿದು ಚಂದಾ ಎತ್ತಿ ಕೆಲಸ ಪೂರೈಸಿದ ಮೇಲೆ, 1718ರ ಕ್ರಿಸ್‌ಮಸ್ ದಿನದಂದು ಅದರ ಬಾಗಿಲು ತೆರೆಯಿತು. ಸಂಘದ ಕಟ್ಟಡನಿಧಿಗಾಗಿ ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಅಲೆದವರಿಗೆ ಈ ಪಾದ್ರಿಯ ಪಾಡು ಬೇಗನೆ ಅರ್ಥವಾದೀತು. ಹಿಂದೆ ಮುಂಬಯಿಯ ಮೈಲುಗಲ್ಲುಗಳ ಲೆಕ್ಕವೆಲ್ಲ ಈ ಇಗರ್ಜಿಯಿಂದಲೇ ಆರಂಭವಾಗುತ್ತಿತ್ತು. ಒಳಹೊಕ್ಕರೆ ಗೋಡೆಗಳ ತುಂಬ ಅಮೃತಶಿಲೆಯ ಫಲಕಗಳು. ಯುದ್ಧದಲ್ಲಿ, ಸಮುದ್ರದಲ್ಲಿ, ಜ್ವರದಲ್ಲಿ ಅಳಿದ ಬಿಳಿಯ ಅಧಿಕಾರಿಗಳ ಹೆಸರುಗಳನ್ನು ಅವುಗಳಲ್ಲಿ ಇಂದಿಗೂ ಓದಬಹುದು.

ಅಲ್ಲಿಗೆ ಅನತಿದೂರದಲ್ಲಿಯೇ 1819ರಲ್ಲಿ ಸ್ಕಾಟ್ ಜನರು ಸೇಂಟ್ ಆಂಡ್ರ್ಯೂಸ್ ಎಂಬ ಮತ್ತೊಂದು ಇಗರ್ಜಿಯನ್ನು ಕಟ್ಟಿದರು. 1840ರ ದಶಕದಲ್ಲಿ ಅದರ ಬಳಿಯಲ್ಲಿಯೇ ಗುಮ್ಮಟದ ಆಕಾರದ ಐಸ್‌ಹೌಸ್ ಎದ್ದಿತು. ಅಮೇರಿಕದ ಕೆರೆಗಳಲ್ಲಿ ಚಳಿಗಾಲಕ್ಕೆ ಕೊಯ್ದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿಸಿ ಇಲ್ಲಿ ಕೂಡಿಡುತ್ತಿದ್ದರು. ದೊರೆಗಳ ಪಾನೀಯ ತಂಪಾಗಲು ಇಷ್ಟೆಲ್ಲ ಸಾಹಸ! ಆ ಐಸ್‌ಹೌಸ್ ಈಗಿಲ್ಲ.

ಪಾನೀಯದ ಮಾತು ಬಂದುದರಿಂದ ಪರ್ಮಿಟ್ ರೂಮಿನ ಕಥೆಯನ್ನೂ ಹೇಳಬೇಕು. ನಮ್ಮವರ ಎಷ್ಟೋ ಹೋಟೆಲುಗಳ ಫಲಕದ ಮೇಲೆ ಈ ಎರಡು ಶಬ್ದಗಳಿವೆ. ಅದರ ಕೆಳಗೆ ದುಡಿಯುವ ಹುಡುಗರಿಗೆ ಅವುಗಳ ಮೂಲ ತಿಳಿಯದು. ಮುಂಬಯಿ ಪ್ರಾಂತದ ಪಾನನಿರೋಧ ಕಾಯಿದೆ 1949ರದು. ಮೊರಾರ್ಜಿ ದೇಸಾಯಿಯವರು ಗೃಹಮಂತ್ರಿಗಳಾಗಿದ್ದ ಆ ದಿನಗಳಲ್ಲಿ, 1950ರಿಂದ ಪೂರ್ಣ ನಿಷೇಧ ಜಾರಿಗೆ ಬಂದಿತು. ಸರಕಾರದ ಪರವಾನಗಿ ಪಡೆದವನು ಮಾತ್ರ ಕುಡಿಯಬಹುದಾಗಿತ್ತು. ಉಳಿದವರಿಗೆ ಸಂದುಗೊಂದಿನ ಕಳ್ಳಭಟ್ಟಿಯೇ ಗತಿಯಾಯಿತು. ಮುಂದೆ ನಿರ್ಬಂಧ ಸಡಿಲವಾದಾಗ ಪರವಾನಗಿಯವರು ಕುಳಿತುಕೊಳ್ಳುವ ಕೋಣೆಗೆ ಪರ್ಮಿಟ್ ರೂಮೆಂದು ಹೆಸರಾಯಿತು. ಕುಡಿಯುವವನ ಬಳಿ ಪರ್ಮಿಟ್ ಇರಬೇಕೆಂದು ಮಹಾರಾಷ್ಟ್ರದ ಕಾನೂನು ಇಂದೂ ಹೇಳುತ್ತದೆ, ಕೇಳುವವರು ವಿರಳ. ತುಳುನಾಡಿನ ಹಲವು ಹೋಟೆಲಿಗರು ಇಡ್ಲಿ-ದೋಸೆ ಬಿಟ್ಟು ಆ ವ್ಯಾಪಾರಕ್ಕೆ ತಿರುಗಿದುದನ್ನು ಕೆಲವರು ಹಳಿಯುವರು. ಏರುವ ಬಾಡಿಗೆಯ ಮುಂದೆ ಒಂದು ಕಪ್ಪು ಚಹಾದಲ್ಲಿ ಉಳಿಯುವುದೆಷ್ಟು ಎಂಬುದನ್ನು ಗಲ್ಲೆಯಲ್ಲಿ ಕುಳಿತು ನೋಡಿದ ನಾವು ಹಾಗೆ ಹಳಿಯಲಾರೆವು.

ಆದರೆ ಫೋರ್ಟಿನಲ್ಲಿ ನಮ್ಮ ಜನರ ನಿಜವಾದ ಚರಿತ್ರೆ ಇರುವುದು ರಾತ್ರಿಶಾಲೆಗಳಲ್ಲಿ. ಮೊಗವೀರ ವ್ಯವಸ್ಥಾಪಕ ಮಂಡಳಿಯು 1902ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ, 1908ರಲ್ಲಿಯೇ ಉಚಿತ ರಾತ್ರಿಶಾಲೆಯನ್ನು ಆರಂಭಿಸಿತು. ಅನಂತರ ಬೇರೆ ಸಂಘಗಳೂ ಅದೇ ದಾರಿ ಹಿಡಿದವು. ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದ ಹುಡುಗನು ಹಗಲೆಲ್ಲ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಸಂಜೆ ಕೈಯೊರೆಸಿಕೊಂಡು ಬಂದು ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದನು. ಪಾಠ ಹೇಳುವವರಲ್ಲಿಯೂ ಅನೇಕರು ಹಗಲು ಕಚೇರಿಯಲ್ಲಿ ಲೆಕ್ಕ ಬರೆದು ಬಂದವರೇ. ಇಬ್ಬರಿಗೂ ತೂಕಡಿಕೆ. ಮಾಲಿಕರಲ್ಲಿ ಶಾಲೆಯ ಹೊತ್ತಿಗೆ ಹುಡುಗನನ್ನು ಬಿಟ್ಟುಕೊಟ್ಟವರಿದ್ದರು, ಬೇಕೆಂದೇ ಆಗ ಕೆಲಸ ಹೇಳಿದವರೂ ಇದ್ದರು. ಅಂಥ ಬೆಂಚುಗಳಿಂದ ಎಸ್ಸೆಸ್ಸಿ ದಾಟಿದವರು ಬ್ಯಾಂಕು, ವಿಮಾ ಕಚೇರಿಗಳ ಮೆಟ್ಟಿಲೇರಿದರು, ಕೆಲವರು ವಕೀಲರಾದರು.

ಈಗ ಅಂಥ ಹುಡುಗರ ಸಾಲು ಕರಗಿದೆ. ಕರಾವಳಿಯ ಊರೂರುಗಳಲ್ಲಿ ಹೈಸ್ಕೂಲುಗಳಾದವು. ಹದಿನಾಲ್ಕು ವರ್ಷ ತುಂಬದವರನ್ನು ಹೋಟೆಲಿನ ಕೆಲಸಕ್ಕೆ ಇಡಬಾರದೆಂಬ ನಿಷೇಧವು 2006ರಲ್ಲಿ ಬಂದಿತು. ಇದು ದುಃಖಿಸಬೇಕಾದ ವಿಷಯವಲ್ಲ. ದುಃಖದ ವಿಷಯ ಬೇರೆಯಿದೆ. ಕಂಪೆನಿಯ ಕಪ್ತಾನನ ಹೆಸರು ಅಮೃತಶಿಲೆಯಲ್ಲಿದೆ. ನಮ್ಮ ಹುಡುಗರ ಹೆಸರಿರುವುದು ಹಾಜರಿ ಪುಸ್ತಕದಲ್ಲಿ ಮಾತ್ರ, ಅದಕ್ಕೆ ಗೆದ್ದಲಿನ ಭಯ.

ಆದುದರಿಂದ, ಫೋರ್ಟಿನ ಯಾವುದೇ ಕನ್ನಡ ರಾತ್ರಿಶಾಲೆಯ ದಾಖಲಾತಿ ಪುಸ್ತಕ, ಅಂಕಪಟ್ಟಿ ಅಥವಾ ತರಗತಿಯ ಛಾಯಾಚಿತ್ರ ಮನೆಯಲ್ಲಿರುವ ವಾಚಕರು ನಮ್ಮ ಕಚೇರಿಗೆ ತಿಳಿಸಬೇಕಾಗಿ ವಿನಂತಿ. ಚಿತ್ರದಲ್ಲಿರುವವರ ಹೆಸರು, ಹುಟ್ಟೂರು, ದುಡಿದ ಹೋಟೆಲು ಮತ್ತು ವರ್ಷವನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿರಲಿ; ಶಾಯಿ ಬೇಡ, ಅದು ಮುಂಬದಿಗೆ ಇಳಿಯುತ್ತದೆ.